ಸಿಂಪಿಯ ರಕ್ತಕಣಗಳು ರೋಗವನ್ನು ಹೇಗೆ ತಡೆಯುತ್ತವೆ, ಯಾವಾಗ ಸೋಲುತ್ತವೆ?

ಓದುಗರ ಪ್ರಶ್ನೆ: ಮೇಡಂ, ಅಳಿವೆಯ ನೀರಿನಲ್ಲಿ ಚೌಕಟ್ಟು ಕಟ್ಟಿ ಟ್ರೇಗಳಲ್ಲಿ ಸಿಂಪಿ ಸಾಕುತ್ತಿದ್ದೇನೆ. ಪಕ್ಕದಲ್ಲೇ ತಮ್ಮನ ಸೀಗಡಿ ಹೊಂಡವಿದೆ. ಕಳೆದ ಸಲ ನೀರು ಜೋರಾಗಿ ಕಾದ ದಿನಗಳಲ್ಲಿ, ನೋಡನೋಡುತ್ತಿದ್ದಂತೆ ಅರ್ಧಕ್ಕಿಂತ ಹೆಚ್ಚು ಸಿಂಪಿಗಳು ಬಾಯಿ ಬಿಟ್ಟುಕೊಂಡು ಸತ್ತವು. ಹಿಂದಿನ ವಾರದವರೆಗೂ ಮೈ ತುಂಬಿಕೊಂಡು, ಮೊಟ್ಟೆ ಬಿಡಲು ಸಿದ್ಧವಾಗಿದ್ದವು. ಇವಕ್ಕೆ ರೋಗನಿರೋಧಕ ಶಕ್ತಿಯೇ ಇಲ್ಲ, ಬಂದ ರೋಗಕ್ಕೆಲ್ಲ ಬಲಿ ಎಂದು ಒಬ್ಬರು ಹೇಳುತ್ತಾರೆ. ದಿನವಿಡೀ ಕೊಳಕು ನೀರು ಸೋಸಿ ಬದುಕುವ ಪ್ರಾಣಿ, ಇದಕ್ಕಿಂತ ಗಟ್ಟಿ ಯಾವುದಿದೆ ಎಂದು ಇನ್ನೊಬ್ಬರು. ಮಗಳು ಓದಿ ಹೇಳಿದ ಪ್ರಕಾರ ಸಿಂಪಿಯ ರಕ್ತದಲ್ಲೂ ನಮ್ಮ ಬಿಳಿ ರಕ್ತಕಣದಂಥವು ಇವೆ, ರೋಗಾಣುಗಳನ್ನು ನುಂಗುತ್ತವೆ. ಹಾಗಿದ್ದರೆ ನನ್ನವು ಯಾಕೆ ಸತ್ತವು? ಈಗ ಒಬ್ಬರು ‘ಲಸಿಕೆ’ ಎಂದು ಒಂದು ದ್ರಾವಣ ತಂದಿದ್ದಾರೆ. ಮರಿಗಳನ್ನು ಅದರಲ್ಲಿ ಅದ್ದಿ ತೆಗೆದರೆ ಜೀವನಪೂರ್ತಿ ರೋಗ ಬರುವುದಿಲ್ಲವಂತೆ. ತಮ್ಮನಿಗೆ ಮೇವಿನಲ್ಲಿ ಬೆರೆಸುವ ‘ಇಮ್ಯುನಿಟಿ ಪುಡಿ’ ಕೊಟ್ಟಿದ್ದಾರೆ. ಅವನ ಸೀಗಡಿಗಳ ಮೇಲೆ ಕಪ್ಪು ಚುಕ್ಕೆಗಳೂ ಕಾಣುತ್ತಿವೆ. ಉಳಿದುಕೊಂಡ ಸಿಂಪಿಗಳಿಗೆ ಆ ರೋಗ ಮತ್ತೆ ಬರುವುದಿಲ್ಲವೇ? ಅವನ್ನೇ ತಳಿಗೆ ಇಟ್ಟುಕೊಳ್ಳಬಹುದೇ? ತಿಂದರೆ ನಮಗೇನಾದರೂ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಬುಡದಲ್ಲಿರುವ ಚಿಂತೆ ಒಂದೇ ಎಂದು ನನಗೆ ಕಾಣುತ್ತದೆ. ಈ ಪ್ರಾಣಿಗಳ ಮೈಯೊಳಗೆ ಕಾಪಾಡುವ ವ್ಯವಸ್ಥೆ ಇದೆಯೇ, ಇದ್ದರೆ ಅದನ್ನು ದುಡ್ಡು ಕೊಟ್ಟು ಬಲಪಡಿಸಬಹುದೇ? ವ್ಯವಸ್ಥೆ ಇದೆ, ಚೆನ್ನಾಗಿಯೇ ಇದೆ. ಆದರೆ ಅದು ನಮ್ಮದರಂತೆ ಕೆಲಸ ಮಾಡುವುದಿಲ್ಲ. ಅದರ ಬಲ ಬಹುಪಾಲು ನೀರಿನ ಸ್ಥಿತಿಯನ್ನೂ ಪ್ರಾಣಿಯ ಮೈಯಲ್ಲಿ ಆ ಹೊತ್ತಿಗೆ ಉಳಿದಿರುವ ಕಸುವನ್ನೂ ಅವಲಂಬಿಸಿದೆ. ಡಬ್ಬಿಯಲ್ಲಿ ಬರುವುದು ಅದರ ಒಂದು ಸಣ್ಣ ಪಾಲನ್ನಷ್ಟೇ ಮುಟ್ಟಬಲ್ಲದು. ನಿಮಗೆ ಹೇಳಬೇಕಾದ ಮುಖ್ಯ ಮಾತು ಇಷ್ಟು. ಯಾಕೆ ಹೀಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಆ ಎರಡು ಮಾತುಗಳನ್ನು ನೋಡೋಣ. ‘ರೋಗನಿರೋಧಕ ಶಕ್ತಿಯೇ ಇಲ್ಲ’ ಎನ್ನುವುದು ತಪ್ಪು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು ನೂರು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ, ವೈರಸ್‌ಗಳು ಅದರ ಹತ್ತು ಪಟ್ಟು. ಬೆಳೆದ ಸಿಂಪಿಯೊಂದು ಹಿತವಾದ ನೀರಿನಲ್ಲಿ ಗಂಟೆಗೆ ಕೆಲವು ಲೀಟರ್ ಸೋಸುತ್ತದೆ. ಒಳಗೆ ಕಾವಲಿಲ್ಲದ ಪ್ರಾಣಿ ಅಂಥ ನೀರಿನಲ್ಲಿ ಒಂದು ದಿನವೂ ಉಳಿಯಲಾರದು. ಚಿಪ್ಪುಜೀವಿಗಳ ವಂಶ ಐವತ್ತು ಕೋಟಿ ವರ್ಷಗಳಿಂದ ಉಳಿದು ಬಂದಿದೆ. ‘ಕೊಳಕು ಸೋಸುವುದರಿಂದ ಗಟ್ಟಿಯಾಗುತ್ತದೆ’ ಎನ್ನುವುದೂ ಅಷ್ಟೇ ತಪ್ಪು, ಮತ್ತು ಇದು ಹೆಚ್ಚು ಅಪಾಯದ ನಂಬಿಕೆ. ನಮಗೆ ಒಮ್ಮೆ ದಡಾರ ಬಂದು ಹೋದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಆ ರೋಗಾಣುವನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಸಿಂಪಿ, ಪಚ್ಚಿಲೆ, ಸೀಗಡಿ, ಏಡಿ ಯಾವುದಕ್ಕೂ ಪ್ರತಿಕಾಯಗಳಿಲ್ಲ. ಅವುಗಳನ್ನು ತಯಾರಿಸುವ ಕೋಶಗಳೂ ಇಲ್ಲ. ಕೊಳಕು ನೀರು ಅವಕ್ಕೆ ಅಭ್ಯಾಸ ಮಾಡಿಸುವುದಿಲ್ಲ, ಇರುವ ಕಾವಲಿನ ಕೆಲಸವನ್ನು ಹೆಚ್ಚಿಸುತ್ತದೆ ಅಷ್ಟೆ.

ಚಿಪ್ಪು ಮತ್ತು ಅದರೊಳಗಿನ ಲೋಳೆ ಮೊದಲ ತಡೆ. ಅದನ್ನು ದಾಟಿ ಬಂದದ್ದನ್ನು ಎದುರಿಸುವ ಹೊಣೆ ನಿಮ್ಮ ಮಗಳು ಹೇಳಿದ ಆ ರಕ್ತಕಣಗಳದ್ದು. ಅವುಗಳಿಗೆ ಹೀಮೋಸೈಟ್ ಎನ್ನುತ್ತೇವೆ. ರೋಗಾಣು ನುಂಗುವ ಕೋಶಗಳ ಕಥೆ ಶುರುವಾದದ್ದೇ ಬೆನ್ನುಮೂಳೆಯಿಲ್ಲದ ಪ್ರಾಣಿಗಳಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ಆಮೇಲೆ ಸೀಗಡಿಯ ದೂರದ ಬಂಧುವಾದ ಡಾಫ್ನಿಯಾ ಎಂಬ ಸಣ್ಣ ಜೀವಿಯೊಳಗೆ ಶಿಲೀಂಧ್ರದ ಬೀಜಕಗಳನ್ನು ಇಂಥವೇ ಕೋಶಗಳು ನುಂಗಿ ಕರಗಿಸುವುದನ್ನು ಅವರು ಕಂಡರು. 1908ರ ನೊಬೆಲ್ ಬಹುಮಾನ ಅವರಿಗೂ ಪೌಲ್ ಎರ್ಲಿಕ್ ಅವರಿಗೂ ಸೇರಿ ಬಂದದ್ದು ರೋಗನಿರೋಧದ ಕುರಿತ ಕೆಲಸಕ್ಕಾಗಿ.

ಈ ಕೋಶಗಳನ್ನು ಒಮ್ಮೆ ಕಣ್ಣಾರೆ ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಸಿಂಪಿಯ ಚಿಪ್ಪಿನ ಅಂಚಿನಲ್ಲಿ ಸಣ್ಣ ಕಚ್ಚು ಮಾಡಿ, ಎರಡು ಚಿಪ್ಪುಗಳನ್ನು ಬಿಗಿಹಿಡಿಯುವ ಸ್ನಾಯುವಿನೊಳಗೆ ತೆಳು ಸೂಜಿ ತೂರಿಸಿ ಮೆಲ್ಲಗೆ ಎಳೆದರೆ ಸಿರಿಂಜಿಗೆ ನೀರಿನಂಥ ದ್ರವ ಬರುತ್ತದೆ. ಅದೇ ಅದರ ರಕ್ತ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಮೊದಲಿಗೆ ಮಬ್ಬಾದ ದುಂಡು ಕಣಗಳು. ಕೆಲವೇ ನಿಮಿಷಗಳಲ್ಲಿ ಅವು ಗಾಜಿಗೆ ಅಂಟಿಕೊಂಡು ಚಪ್ಪಟೆಯಾಗುತ್ತವೆ, ಅಂಚಿನಿಂದ ಎಳೆಎಳೆಯಾಗಿ ಕಾಲು ಚಾಚುತ್ತವೆ. ಕೆಲವುಗಳ ಹೊಟ್ಟೆಯಲ್ಲಿ ಹೊಳೆಯುವ ಕಾಳುಗಳು ತುಂಬಿರುತ್ತವೆ. ಹೆಚ್ಚು ನುಂಗುವವು ಈ ಕಾಳುಳ್ಳ ಕೋಶಗಳೇ. ಇನ್ನು ಕೆಲವು ಬರಿದಾಗಿ ತಿಳಿಯಾಗಿರುತ್ತವೆ. ಹನಿಗೆ ಒಂದಿಷ್ಟು ಯೀಸ್ಟ್ ಸೇರಿಸಿದರೆ ಚಾಚಿದ ಕಾಲುಗಳು ಅದನ್ನು ತಡಕಿ, ಸುತ್ತುವರಿದು, ಒಳಗೆಳೆದುಕೊಳ್ಳುವುದನ್ನು ನೋಡಬಹುದು. ಸೊರಗಿದ ಸಿಂಪಿಯ ರಕ್ತ ತೆಗೆದರೆ ಎಷ್ಟೋ ಸಲ ಕಣಗಳು ದುಂಡಗೇ ಉಳಿಯುತ್ತವೆ, ಗಾಜಿಗೆ ಅಂಟುವುದೇ ಇಲ್ಲ. ಎಣಿಸಿದರೆ ಸಂಖ್ಯೆ ಕಡಿಮೆಯಿಲ್ಲ, ಆದರೆ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ರಕ್ತಕಣ ಎಣಿಸಿ ‘ಇಮ್ಯುನಿಟಿ ಇಷ್ಟು’ ಎಂದು ಚೀಟಿ ಬರೆದು ಕೊಡುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ನಮ್ಮ ರಕ್ತ ನಾಳಗಳೊಳಗೇ ಸುತ್ತುತ್ತದೆ. ಇವುಗಳದ್ದು ಹಾಗಲ್ಲ. ಹೃದಯದಿಂದ ಹೊರಟ ರಕ್ತ ನಾಳ ಮುಗಿದಲ್ಲಿ ಅಂಗಗಳ ನಡುವೆ ನೇರವಾಗಿ ಹರಡಿಕೊಂಡು, ಮತ್ತೆ ಕಿವಿರುಗಳ ದಾರಿಯಾಗಿ ಹಿಂದಿರುಗುತ್ತದೆ. ಹಾಗಾಗಿ ಹೀಮೋಸೈಟ್‌ಗಳು ಕರುಳು, ಕಿವಿರು, ಚಿಪ್ಪಿಗೆ ತಾಗಿದ ಪೊರೆ ಎಲ್ಲೆಡೆ ಓಡಾಡುತ್ತವೆ. ನುಂಗಿದ ಕಸದೊಂದಿಗೆ ಪೊರೆಯನ್ನು ದಾಟಿ ಮೈಯಿಂದ ಹೊರಗೇ ನಡೆದು ಹೋಗುವ ಕೋಶಗಳೂ ಉಂಟು.

ರೋಗಾಣುವನ್ನು ಗುರುತು ಹಿಡಿಯಲು ಪ್ರತಿಕಾಯ ಇಲ್ಲದಿದ್ದರೆ ಬೇರೇನಿದೆ? ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಹೊರಮೈಯಲ್ಲಿ ಪ್ರಾಣಿಗಳಲ್ಲಿಲ್ಲದ ಸಕ್ಕರೆಯಂಥ ಅಣುಗಳಿರುತ್ತವೆ. ಅವನ್ನು ಹಿಡಿಯುವ ಲೆಕ್ಟಿನ್‌ನಂಥ ಪ್ರೋಟೀನುಗಳು ಚಿಪ್ಪುಜೀವಿಗಳ ರಕ್ತದಲ್ಲೂ ಲೋಳೆಯಲ್ಲೂ ತುಂಬಿವೆ. 2012ರಲ್ಲಿ ಪೆಸಿಫಿಕ್ ಸಿಂಪಿಯ ಪೂರ್ತಿ ಜೀನೋಮ್, ಎಂದರೆ ಅದರ ಇಡೀ ಡಿಎನ್ಎ, ಓದಿದಾಗ ಇಂಥ ಗುರುತು ಹಿಡಿಯುವ ಪ್ರೋಟೀನುಗಳ ಒಂದೊಂದು ಕುಟುಂಬದಲ್ಲೇ ನೂರಾರು ಜೀನ್‌ಗಳು ಕಂಡವು. ಹೊಸದನ್ನು ಕಲಿತು ನೆನಪಿಡುವ ಬದಲು, ಹುಟ್ಟುವಾಗಲೇ ದೊಡ್ಡ ಗುರುತಿನ ಪಟ್ಟಿಯೊಂದನ್ನು ಹೊತ್ತುಕೊಂಡೇ ಬರುತ್ತವೆ. ಗುರುತು ಸಿಕ್ಕ ಮೇಲೆ ಕೋಶ ರೋಗಾಣುವನ್ನು ನುಂಗಿ ಒಂದು ಚೀಲದಲ್ಲಿ ಮುಚ್ಚುತ್ತದೆ, ಕಾಳುಗಳಲ್ಲಿದ್ದ ಲೈಸೋಜೈಮ್ ಮುಂತಾದ ಕಿಣ್ವಗಳನ್ನು ಅದರೊಳಗೆ ಸುರಿಯುತ್ತದೆ, ಆಮ್ಲಜನಕದಿಂದ ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ತಯಾರಿಸಿ ಸುಡುತ್ತದೆ. ಜೊತೆಗೆ ಬ್ಯಾಕ್ಟೀರಿಯಾದ ಹೊರಪೊರೆ ತೂತು ಮಾಡುವ ಪೆಪ್ಟೈಡುಗಳೆಂಬ ಪುಟ್ಟ ಪ್ರೋಟೀನುಗಳಿವೆ. ಪಚ್ಚಿಲೆಯಲ್ಲಿ ಮೈಟಿಲಿನ್, ಸೀಗಡಿಯಲ್ಲಿ ಪೆನೀಡಿನ್ ಎಂದು ಅವಕ್ಕೆ ಹೆಸರು. ನುಂಗಲಾರದಷ್ಟು ದೊಡ್ಡ ಪರಜೀವಿ ಬಂದರೆ ಕೋಶಗಳು ಪದರ ಪದರವಾಗಿ ಸುತ್ತಿಕೊಂಡು ಅದನ್ನು ಗೋಡೆ ಕಟ್ಟಿ ಕೂಡಿಹಾಕುತ್ತವೆ. ಸಿಂಪಿಯಲ್ಲೂ ಏಡಿಯಲ್ಲೂ ಕೆಲವು ಕೋಶಗಳು ತಮ್ಮದೇ ಡಿಎನ್ಎಯನ್ನು ಹೊರಗೆ ಬಲೆಯಂತೆ ಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದೂ ಈಗ ಗೊತ್ತಾಗಿದೆ. ಆ ಕೋಶ ಅಲ್ಲಿಗೆ ಸಾಯುತ್ತದೆ.

ಇಲ್ಲಿ ತಮ್ಮನ ಸೀಗಡಿಯ ಕಪ್ಪು ಚುಕ್ಕೆಗೆ ಬರುತ್ತೇನೆ. ಸೀಗಡಿ, ಏಡಿಗಳ ಕಾಳುಳ್ಳ ರಕ್ತಕಣಗಳಲ್ಲಿ ಒಂದು ಕಿಣ್ವ ನಿದ್ರಿಸುವ ರೂಪದಲ್ಲಿ ಇರುತ್ತದೆ. ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ-ಗ್ಲುಕಾನ್ ಎಂಬ ಸಕ್ಕರೆ ಸರಪಳಿ ಅಥವಾ ಬ್ಯಾಕ್ಟೀರಿಯಾದ ಗೋಡೆಯ ಚೂರು ತಗುಲಿದರೆ ಕೋಶ ಒಡೆದು ಆ ಕಿಣ್ವವನ್ನು ಹೊರಬಿಡುತ್ತದೆ, ಸರಣಿಯಾಗಿ ಕೆಲಸ ನಡೆದು ಕೊನೆಗೆ ಮೆಲನಿನ್ ಎಂಬ ಕಪ್ಪು ಬಣ್ಣ ತಯಾರಾಗುತ್ತದೆ. ಗಾಯವನ್ನು ಮುಚ್ಚುವುದೂ ರೋಗಾಣುವನ್ನು ಕೂಡಿಹಾಕುವುದೂ ಇದೇ. ಹಾಗಾಗಿ ಗಾಯವಾದ ಜಾಗದಲ್ಲಿ ಒಂದೊಂದು ಕಪ್ಪು ಗುರುತು ಕಂಡು, ಪ್ರಾಣಿ ಚುರುಕಾಗಿ ಮೇಯುತ್ತಿದ್ದರೆ, ಮುಂದಿನ ಪೊರೆ ಕಳಚುವಾಗ ಅದು ಹೋಗಿಬಿಟ್ಟರೆ, ರಕ್ಷಣೆ ತನ್ನ ಕೆಲಸ ಮಾಡಿದೆ ಎಂದರ್ಥ. ಚುಕ್ಕೆಗಳು ಕುಳಿಯಾಗಿ ಕೊರೆಯುತ್ತಾ, ಹೊಂಡದ ತುಂಬ ಹರಡುತ್ತಾ ಹೋದರೆ ಕಥೆ ಬೇರೆ. ಚಿಪ್ಪಿಗೆ ಗಟ್ಟಿತನ ಕೊಡುವ ಕೈಟಿನ್ ಎಂಬ ವಸ್ತುವನ್ನು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿವೆ, ತಳದ ಕೆಸರು ಕೆಟ್ಟಿದೆ ಎಂದು ತಿಳಿಯಬೇಕು. ಹಿಡಿದು ಸತ್ತ ಮೇಲೆ ತಲೆ, ಕಾಲಿನ ಕಡೆ ಕಪ್ಪಾಗುವುದು ಇದೇ ಕಿಣ್ವ ಸತ್ತ ಮೈಯಲ್ಲಿ ಮಾಡುವ ಕೆಲಸ, ಅದು ರೋಗವಲ್ಲ. ಚಿಪ್ಪಿನೊಳಗೆ ಬಿಳಿ ಚುಕ್ಕೆ ಕಂಡು ಸೀಗಡಿಗಳು ದಡಕ್ಕೆ ಬಂದು ಸಾಯತೊಡಗಿದರೆ ಮಾತ್ರ ಮೀನುಗಾರಿಕೆ ಇಲಾಖೆಗೆ ತಿಳಿಸಲು ಒಂದು ಗಂಟೆಯೂ ಕಾಯಬೇಡಿ. 1990ರ ದಶಕದಲ್ಲಿ ಏಷ್ಯಾದ ಹೊಂಡಗಳನ್ನು ಬರಿದು ಮಾಡಿದ ಬಿಳಿಚುಕ್ಕೆ ವೈರಸ್ ಕೆಲವೇ ದಿನಗಳಲ್ಲಿ ಇಡೀ ಹೊಂಡ ಮುಗಿಸುತ್ತದೆ.

ಈಗ ನಿಮ್ಮ ಸಿಂಪಿಗಳು ಯಾಕೆ ಸತ್ತವು ಎಂಬುದು. ಇದನ್ನು ಅರ್ಥ ಮಾಡಿಕೊಳ್ಳಲು ಹೀಮೋಸೈಟ್‌ಗಳಿಗೆ ಕಾವಲೊಂದೇ ಕೆಲಸವಲ್ಲ ಎಂಬುದು ಗೊತ್ತಿರಬೇಕು. ಜೀರ್ಣವಾದ ಆಹಾರವನ್ನು ಅಂಗದಿಂದ ಅಂಗಕ್ಕೆ ಸಾಗಿಸುವುದು ಅವೇ. ಗಾಯ ಮುಚ್ಚುವುದು ಅವೇ. ಸಿಂಪಿಯ ರಕ್ತ ನಮ್ಮದರಂತೆ ಹೆಪ್ಪುಗಟ್ಟುವುದಿಲ್ಲ, ಕೋಶಗಳೇ ಒಂದಕ್ಕೊಂದು ಅಂಟಿ ಗುಡ್ಡೆಯಾಗಿ ಗಾಯಕ್ಕೆ ಬೆಣೆ ಹಾಕುತ್ತವೆ. ಒಡೆದ ಚಿಪ್ಪಿನ ಅಂಚಿಗೆ ಸುಣ್ಣದ ಹರಳುಗಳನ್ನು ಈ ಕೋಶಗಳು ಹೊತ್ತು ತರುತ್ತವೆ ಎಂಬುದನ್ನು 2004ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಿಂಪಿಯಲ್ಲಿ ತೋರಿಸಲಾಯಿತು. ಮೊಟ್ಟೆ, ವೀರ್ಯ ಬಿಟ್ಟ ಮೇಲೆ ಒಳಗುಳಿದದ್ದನ್ನು ನುಂಗಿ ಶುಚಿ ಮಾಡುವುದೂ ಅವೇ. ಅಡುಗೆ, ಗಾರೆ ಕೆಲಸ, ಕಸ ತೆಗೆಯುವುದು, ರಾತ್ರಿ ಕಾವಲು ಎಲ್ಲಕ್ಕೂ ಒಬ್ಬನೇ ಆಳಿರುವ ಮನೆ ಅದು. ಎಲ್ಲ ಕೆಲಸವೂ ಒಂದೇ ವಾರ ಮೈಮೇಲೆ ಬಿದ್ದರೆ ಕಾವಲು ಸಡಿಲುತ್ತದೆ.

ನೀವು ಬರೆದ ಒಂದು ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು: ‘ಮೈ ತುಂಬಿಕೊಂಡು, ಮೊಟ್ಟೆ ಬಿಡಲು ಸಿದ್ಧವಾಗಿದ್ದವು’. ಸಾಕುವವರ ಕಣ್ಣಿಗೆ ಅದು ಆರೋಗ್ಯದ ಲಕ್ಷಣ. ಆದರೆ ಆ ತುಂಬಿದ ಮೈ ಬಹುಪಾಲು ಮೊಟ್ಟೆಯೇ. ಮೈಯಲ್ಲಿದ್ದ ಗ್ಲೈಕೋಜನ್ ಎಂಬ ದಾಸ್ತಾನು ಅದಕ್ಕೆ ಖರ್ಚಾಗಿರುತ್ತದೆ. ಅದೇ ಹೊತ್ತಿಗೆ ನೀರು ಕಾಯುತ್ತದೆ. ಬಿಸಿ ನೀರಿನಲ್ಲಿ ಪ್ರಾಣಿಗೆ ಬೇಕಾಗುವ ಆಮ್ಲಜನಕ ಹೆಚ್ಚು, ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ರೋಗಾಣುವನ್ನು ಸುಡುವ ಆ ರಾಸಾಯನಿಕಗಳು ತಯಾರಾಗುವುದು ಆಮ್ಲಜನಕದಿಂದಲೇ ಎಂದು ಮೇಲೆ ಹೇಳಿದೆ. ಉಸಿರು ಕಟ್ಟಿದ ನೀರಿನಲ್ಲಿ ಕೋಶ ರೋಗಾಣುವನ್ನು ನುಂಗಿದರೂ ಕೊಲ್ಲುವುದು ಕಷ್ಟ. ಅತ್ತ ವಿಬ್ರಿಯೊ ಬ್ಯಾಕ್ಟೀರಿಯಾಗಳಿಗೆ ಬಿಸಿ ನೀರು ಹಬ್ಬ. ಬೇಸಿಗೆಯಲ್ಲಿ ಸಿಂಪಿಗಳು ಸಾಮೂಹಿಕವಾಗಿ ಸಾಯುವುದು ಹಲವು ದೇಶಗಳಲ್ಲಿ ಕಂಡುಬಂದಿದೆ, ಬಹಳಷ್ಟು ಕಡೆ ಕಾರಣ ಒಂದೇ ರೋಗಾಣು ಅಲ್ಲ. ಮೊಟ್ಟೆ, ಬಿಸಿ, ಆಮ್ಲಜನಕದ ಕೊರತೆ, ಬ್ಯಾಕ್ಟೀರಿಯಾ ಎಲ್ಲವೂ ಒಂದರ ಮೇಲೊಂದು ಬಂದಾಗ ಆಗುವ ಸಾವು ಅದು. ಎಲ್ಲ ರೋಗವೂ ಬಿಸಿಯಲ್ಲೇ ಬರುತ್ತದೆ ಎಂದಲ್ಲ. ಸಿಂಪಿಯಂತೆ ಎರಡು ಚಿಪ್ಪುಗಳ ಕ್ಲಾಮ್ ಎಂಬ ಜೀವಿಗಳ ಚಿಪ್ಪಿನೊಳಗೆ ಕಂದು ಬಳೆ ಮೂಡಿಸುವ ವಿಬ್ರಿಯೊ ಒಂದಿದೆ, ಅದು ತಂಪು ನೀರಿನಲ್ಲೇ ಕೆರಳುತ್ತದೆ.

ಇನ್ನೊಂದು ಸಾಧ್ಯತೆಯನ್ನು ಮುಚ್ಚಿಡಲಾರೆ. ಕೆಲವು ರೋಗಾಣುಗಳು ಈ ಕಾವಲುಗಾರ ಕೋಶವನ್ನೇ ಮನೆ ಮಾಡಿಕೊಳ್ಳುತ್ತವೆ. ಪರ್ಕಿನ್ಸಸ್ ಮರೈನಸ್ ಎಂಬ ಪರಜೀವಿಯನ್ನು 1950ರಲ್ಲಿ ಮೆಕ್ಸಿಕೊ ಕೊಲ್ಲಿಯ ಸಿಂಪಿಗಳಿಂದ ವಿವರಿಸಲಾಯಿತು. ಹೀಮೋಸೈಟ್ ಅದನ್ನು ನುಂಗುತ್ತದೆ, ನುಂಗಬೇಕೆಂದೇ ಅದು ಕಾದಿರುತ್ತದೆ. ಒಳಗೆ ಹೋದ ಮೇಲೆ ಕೋಶದ ಸುಡುವ ರಾಸಾಯನಿಕಗಳನ್ನು ತನ್ನ ಕಿಣ್ವಗಳಿಂದ ನಿಷ್ಫಲ ಮಾಡಿ, ಅಲ್ಲೇ ಸಂಖ್ಯೆ ಹೆಚ್ಚಿಸಿಕೊಂಡು, ಆ ಕೋಶದ ಸವಾರಿಯಲ್ಲೇ ಮೈಯೆಲ್ಲ ಹರಡುತ್ತದೆ. ಇಂಥ ರೋಗಕ್ಕೆ ರಕ್ತಕಣಗಳನ್ನು ‘ಹೆಚ್ಚು ನುಂಗುವಂತೆ’ ಕೆರಳಿಸುವ ಪುಡಿ ಕೊಟ್ಟರೆ ಏನಾಗಬಹುದು, ಯೋಚಿಸಿ. ಬೊನಾಮಿಯಾ ಎಂಬ ಇನ್ನೊಂದು ಪರಜೀವಿ ಯೂರೋಪಿನ ಚಪ್ಪಟೆ ಸಿಂಪಿಯ ರಕ್ತಕಣಗಳೊಳಗೆ ಹೀಗೆಯೇ ಬಾಳುತ್ತದೆ. 2008ರಿಂದ ಫ್ರಾನ್ಸಿನಲ್ಲಿ ಪೆಸಿಫಿಕ್ ಸಿಂಪಿಯ ಮರಿಗಳನ್ನು ರಾಶಿ ರಾಶಿಯಾಗಿ ಕೊಂದ ಹರ್ಪಿಸ್ ಜಾತಿಯ ವೈರಸ್ಸಿನ ದಾರಿ ಇನ್ನೂ ಸೂಕ್ಷ್ಮ. ಅದು ಮೊದಲು ಹೀಮೋಸೈಟ್‌ಗಳನ್ನು ಹಿಡಿದು, ಅವು ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳನ್ನು ತಯಾರಿಸದಂತೆ ಮಾಡುತ್ತದೆ. ಆಮೇಲೆ ಕೊಲ್ಲುವುದು ಸುತ್ತಮುತ್ತ ಎಂದಿನಿಂದಲೂ ಇದ್ದ ಬ್ಯಾಕ್ಟೀರಿಯಾಗಳು. 2018ರಲ್ಲಿ ಪ್ರಕಟವಾದ ಈ ಸಂಶೋಧನೆಯ ನಂತರ, ಸತ್ತ ಸಿಂಪಿಯಲ್ಲಿ ವಿಬ್ರಿಯೊ ಸಿಕ್ಕಿತು, ಅದೇ ಕಾರಣ ಎಂದು ಫೈಲು ಮುಚ್ಚುವುದು ನನಗೆ ಸರಿಯೆನಿಸುವುದಿಲ್ಲ.

ರಕ್ತಕಣವೇ ರೋಗವಾಗುವುದೂ ಉಂಟು. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮೆದುಚಿಪ್ಪಿನ ಕ್ಲಾಮ್‌ಗಳಲ್ಲಿ ರಕ್ತ ಕ್ಯಾನ್ಸರಿನಂಥ ರೋಗವಿದೆ, ರಕ್ತವೇ ಹಾಲಿನಂತೆ ಮಬ್ಬಾಗುತ್ತದೆ. ಆ ಕ್ಯಾನ್ಸರ್ ಕೋಶಗಳು ಆಯಾ ಪ್ರಾಣಿಯಲ್ಲಿ ಹುಟ್ಟಿದವಲ್ಲ, ಎಂದೋ ಒಂದು ಕ್ಲಾಮ್‌ನಲ್ಲಿ ಹುಟ್ಟಿದ ಒಂದೇ ವಂಶದ ಕೋಶಗಳು ನೀರಿನ ಮೂಲಕ ಒಂದರಿಂದ ಇನ್ನೊಂದಕ್ಕೆ ಸಾಗಿ ಬಂದಿವೆ ಎಂದು 2015ರಲ್ಲಿ ಗೊತ್ತಾಯಿತು. ಬೇರೆ ಪ್ರಾಣಿಯ ಕೋಶವನ್ನು ತನ್ನದಲ್ಲವೆಂದು ಗುರುತಿಸಿ ಹೊರಹಾಕುವ ನಮ್ಮಂಥ ವ್ಯವಸ್ಥೆ ಇವಕ್ಕಿಲ್ಲದಿರುವುದು ಇದಕ್ಕೆ ದಾರಿ ಮಾಡಿಕೊಟ್ಟಿರಬಹುದು. ಇದು ನಿಮ್ಮಲ್ಲಿ ಬಂದಿದೆ ಎಂದು ಹೇಳುತ್ತಿಲ್ಲ. ಈ ಕೋಶಗಳ ಮಿತಿ ಎಲ್ಲಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ, ಅದಕ್ಕೇ ಹೇಳಿದೆ.

ಇನ್ನು ಆ ‘ಲಸಿಕೆ’. ಪ್ರತಿಕಾಯಗಳೇ ಇಲ್ಲದ ಪ್ರಾಣಿಗೆ ನಮ್ಮ ಅರ್ಥದ ಲಸಿಕೆ ಹಾಕಲಾಗದು. ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ, ಮಾರುವವರು ಹಿಡಿದುಕೊಳ್ಳುವುದು ಇದೇ ಎಳೆಯನ್ನು. ಪೆಸಿಫಿಕ್ ಸಿಂಪಿಗೆ ವೈರಸ್ಸಿನ ಆರ್‌ಎನ್‌ಎಯನ್ನು ಹೋಲುವ ಒಂದು ಕೃತಕ ವಸ್ತುವನ್ನು ಚುಚ್ಚಿದರೆ, ಅದರ ವೈರಸ್ ವಿರೋಧಿ ವ್ಯವಸ್ಥೆ ಎಚ್ಚರಗೊಂಡು ತಿಂಗಳುಗಳ ಕಾಲ ಹರ್ಪಿಸ್ ವೈರಸ್ಸಿನಿಂದ ರಕ್ಷಣೆ ಸಿಕ್ಕದ್ದು ಪ್ರಯೋಗಗಳಲ್ಲಿ ಕಂಡಿದೆ. ಬಿಳಿಚುಕ್ಕೆ ರೋಗದಿಂದ ಬದುಕುಳಿದ ಸೀಗಡಿಗಳು ಕೆಲವು ವಾರಗಳ ಕಾಲ ಮತ್ತೆ ಅದೇ ವೈರಸ್ಸನ್ನು ತಾಳಿಕೊಂಡ ವರದಿಗಳೂ ಇವೆ. ಎಂದರೆ ಇವಕ್ಕೆ ಒಂದು ಬಗೆಯ ಎಚ್ಚರ ಉಳಿಯಬಹುದು. ಆದರೆ ಒಂದೊಂದಕ್ಕೂ ಸೂಜಿ ಚುಚ್ಚಿ, ಅಳೆದ ಪ್ರಮಾಣದಲ್ಲಿ, ಗೊತ್ತಿರುವ ಒಂದು ವೈರಸ್ಸಿನ ಎದುರು ಸಿಕ್ಕ ಫಲಿತಾಂಶಕ್ಕೂ, ಏನಿದೆಯೆಂದು ಹೇಳದ ದ್ರಾವಣದಲ್ಲಿ ಮರಿಗಳನ್ನು ಅದ್ದಿ ‘ಜೀವನಪೂರ್ತಿ, ಎಲ್ಲ ರೋಗಕ್ಕೂ’ ಎನ್ನುವುದಕ್ಕೂ ಸಂಬಂಧವೇ ಇಲ್ಲ. ತಂದವರನ್ನು ಮೂರು ವಿಷಯ ಕೇಳಿ: ಒಳಗಿರುವ ವಸ್ತು ಯಾವುದು, ಯಾವ ರೋಗಾಣುವಿಗೆ, ಅದ್ದದೆ ಬಿಟ್ಟ ಮರಿಗಳ ಜೊತೆ ಹೋಲಿಸಿ ನೋಡಿದ ಲೆಕ್ಕ ಎಲ್ಲಿ. ಉತ್ತರ ಸಿಗದಿದ್ದರೆ ದುಡ್ಡು ಕೊಡಬೇಡಿ.

ತಮ್ಮನ ಪುಡಿಯಲ್ಲಿ ಇರುವುದು ಬಹುಶಃ ಯೀಸ್ಟಿನಿಂದ ತೆಗೆದ ಬೀಟಾ-ಗ್ಲುಕಾನ್. ಇದು ಪೂರ್ತಿ ಸುಳ್ಳು ಸರಕಲ್ಲ. ಮೇಲೆ ಹೇಳಿದ ಮೆಲನಿನ್ ಸರಣಿಯನ್ನು ಎಚ್ಚರಿಸುವ ವಸ್ತುಗಳಲ್ಲಿ ಅದೂ ಒಂದು. ಒಂದು ಅವಧಿಗೆ, ಉದಾಹರಣೆಗೆ ಮರಿ ಬಿಡುವ ಮುಂಚೆ ಅಥವಾ ಹವಾಮಾನ ಬದಲಾಗುವ ಮುಂಚೆ, ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಪ್ರಯೋಜನವಾಗಬಹುದು. ದಿನಾ ಕೊಟ್ಟರೆ ಇನ್ನೂ ಒಳ್ಳೆಯದು ಎಂದುಕೊಳ್ಳುವುದೇ ಅಪಾಯ. ಎಚ್ಚರಗೊಂಡ ರಕ್ತಕಣ ಒಡೆದು ಖರ್ಚಾಗುತ್ತದೆ, ಅದು ಬಿಡುವ ರಾಸಾಯನಿಕ ರೋಗಾಣುವನ್ನಷ್ಟೇ ಅಲ್ಲ, ಪ್ರಾಣಿಯ ಸ್ವಂತ ಅಂಗಾಂಶವನ್ನೂ ಸುಡುತ್ತದೆ, ಹೊಸ ಕೋಶ ತಯಾರಿಸಲು ಮೈಯ ಕಸುವು ಬೇಕು. ಬೆಳವಣಿಗೆ ಕುಂಠಿತವಾಗುವುದು ಇದರಿಂದಲೂ ಇರಬಹುದು. ಈಗಾಗಲೇ ಸಾಯುತ್ತಿರುವ ಹೊಂಡಕ್ಕೆ ಕೊಟ್ಟು ಫಲವಿಲ್ಲ, ಕಾಯಿಲೆಬಿದ್ದ ಸೀಗಡಿ ಮೇವನ್ನೇ ಮುಟ್ಟುವುದಿಲ್ಲ. ಆಂಟಿಬಯೋಟಿಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವೈರಸ್ಸಿಗೂ ಪರಜೀವಿಗೂ ಅದು ನಾಟುವುದಿಲ್ಲ, ತೆರೆದ ನೀರಿನಲ್ಲಿ ಹರಿದು ಹೋಗುತ್ತದೆ, ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾಗಳನ್ನು ಹಿಂದೆ ಬಿಡುತ್ತದೆ.

ನಿಮ್ಮ ಕೈಯಲ್ಲಿರುವುದು ಬೇರೆ ಕಡೆ ಇದೆ. ಸಿಂಪಿಯ ವಿಷಯದಲ್ಲಿ ನಾನು ಮೊದಲು ನೋಡುವುದು ಟ್ರೇಯಲ್ಲಿ ಎಷ್ಟು ತುಂಬಿದ್ದೀರಿ ಎಂದು. ಒತ್ತೊತ್ತಾಗಿದ್ದರೆ ಒಂದು ಸತ್ತದ್ದು ಕೊಳೆತು ಪಕ್ಕದ ಹತ್ತಕ್ಕೆ ಬ್ಯಾಕ್ಟೀರಿಯಾ ಉಣಿಸುತ್ತದೆ. ನೀರು ಕಾಯುವ ಮೊದಲೇ ವಿರಳ ಮಾಡಿ, ಟ್ರೇಗೆ ಅಂಟಿದ ಪಾಚಿ ಕಸ ತೆಗೆದು ನೀರು ಒಳಗೆ ಹರಿಯುವಂತೆ ಮಾಡಿ. ಈ ಕೆಲಸವನ್ನೆಲ್ಲ ಬಿಸಿ ಬರುವ ಮುಂಚೆ ಮುಗಿಸಬೇಕು, ಬಿಸಿಯ ನಡುವೆ ಅಲ್ಲ. ಪೆಸಿಫಿಕ್ ಸಿಂಪಿಗಳನ್ನು ಕೆಲವೇ ನಿಮಿಷ ಜಾಲಾಡಿಸಿದರೂ ಅವುಗಳ ರಕ್ತದಲ್ಲಿ ನಾರ್‌ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನ್ ಏರಿ, ಹೀಮೋಸೈಟ್‌ಗಳ ನುಂಗುವ ಶಕ್ತಿ ಸ್ವಲ್ಪ ಹೊತ್ತು ಕುಗ್ಗುವುದು ಪ್ರಯೋಗದಲ್ಲಿ ಕಂಡಿದೆ. ಬೇಸಿಗೆಯಲ್ಲಿ ಟ್ರೇ ಎತ್ತಿ ಕುಕ್ಕಿ, ವಿಂಗಡಿಸಿ, ಬಿಸಿಲಲ್ಲಿ ಒಣಗಿಸಿ ಮತ್ತೆ ಇಳಿಸುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಆಳದ ತಂಪು ನೀರಿಗೆ ಇಳಿಸುವುದು ಒಂದು ದಾರಿ, ಆದರೆ ತಳದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ. ಮೊದಲು ಬೆಳಗಿನ ಜಾವ ತಳದ ನೀರಿನ ಆಮ್ಲಜನಕ ಅಳೆದು ನೋಡಿ, ಕಡಿಮೆಯಿರುವುದು ಆ ಹೊತ್ತಿಗೇ. ಮಾರಾಟದ ಗಾತ್ರಕ್ಕೆ ಬಂದವನ್ನು ಬಿಸಿಗೆ ಮುಂಚೆ ತೆಗೆದುಬಿಡುವುದು ಸರಳ, ತೂಕದಲ್ಲಿ ಸ್ವಲ್ಪ ನಷ್ಟ. ಕಡಿಮೆ ಉಪ್ಪಿನ ನೀರಿಗೆ ಸಾಗಿಸಿದರೆ ಕೆಲವು ಪರಜೀವಿಗಳು ಸಾಯುತ್ತವೆ ನಿಜ, ಆದರೆ ಯಾವ ರೋಗ ಎಂದು ತಿಳಿಯದೆ ಸಾಗಿಸಿದರೆ ಅಲ್ಲಿಗೂ ರೋಗ ಹೊತ್ತೊಯ್ದಂತೆ. ಈ ದಾರಿಯನ್ನು ಪರೀಕ್ಷೆಯ ವರದಿ ಬರುವವರೆಗೆ ಮುಟ್ಟಬೇಡಿ.

ಉಳಿದ ಸಿಂಪಿಗಳನ್ನು ತಳಿಗೆ ಇಡಬಹುದೇ ಎಂಬ ಪ್ರಶ್ನೆ ಚೆನ್ನಾಗಿದೆ. 1957ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎಂಎಸ್‌ಎಕ್ಸ್ ಎಂಬ ಪರಜೀವಿ ರೋಗ ಸಿಂಪಿಗಳನ್ನು ಕೊಂದಾಗ, ರಟ್ಗರ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಹ್ಯಾಸ್ಕಿನ್ ಮತ್ತು ಸಂಗಡಿಗರು ಉಳಿದುಕೊಂಡವುಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆಯ್ದು ಬೆಳೆಸಿ, ಆ ರೋಗ ತಾಳುವ ತಳಿ ಮಾಡಿದರು. ಆಸ್ಟ್ರೇಲಿಯಾದಲ್ಲಿ ಕ್ಯೂಎಕ್ಸ್ ಎಂಬ ಇನ್ನೊಂದು ಪರಜೀವಿ ರೋಗ ತಾಳುವಂತೆ ಆಯ್ದು ಬೆಳೆಸಿದ ಸಿಡ್ನಿ ರಾಕ್ ಸಿಂಪಿಯ ರಕ್ತದಲ್ಲಿ ಮೆಲನಿನ್ ತಯಾರಿಸುವ ಕಿಣ್ವದ ಚಟುವಟಿಕೆ ಹೆಚ್ಚಿರುವುದು ಕಂಡಿದೆ. ಹಾಗಾಗಿ ದಾರಿ ನಿಜವಾದದ್ದು. ಆದರೆ ಅದು ತಲೆಮಾರುಗಳ ಕೆಲಸ, ಒಂದು ರೋಗ ತಾಳುವ ತಳಿ ಇನ್ನೊಂದಕ್ಕೆ ಸುಲಭವಾಗಿ ಬಲಿಯಾಗಬಹುದು, ಕೆಲವೇ ತಾಯಿ ತಂದೆಗಳಿಂದ ಮರಿ ಮಾಡಿದರೆ ಒಳಸಂಬಂಧದ ದೋಷ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದವು ರೋಗಮುಕ್ತ ಎಂದಲ್ಲ. ಅವು ರೋಗಾಣುವನ್ನು ಸದ್ದಿಲ್ಲದೆ ಹೊತ್ತುಕೊಂಡಿರಬಹುದು. ಬೇರೆಯವರ ನೀರಿಗೆ ಅವನ್ನು ಕೊಡಬೇಡಿ, ಹೊಸ ಮರಿಗಳ ಪಕ್ಕ ಇಡಬೇಡಿ. ಸಾಧ್ಯವಿದ್ದರೆ ತಳಿ ಕೆಲಸ ಮಾಡುವ ಹ್ಯಾಚರಿಯವರಿಗೆ ಪರೀಕ್ಷೆ ಮಾಡಿಸಿಯೇ ಒಪ್ಪಿಸಿ. ತಮ್ಮನಿಗೂ ಒಂದು ಮಾತು: ಎಸ್‌ಪಿಎಫ್ ಮರಿ ಎಂದರೆ ಪಟ್ಟಿಯಲ್ಲಿರುವ ಕೆಲವು ರೋಗಾಣುಗಳು ಅದರಲ್ಲಿಲ್ಲ ಎಂದು ಮಾತ್ರ. ರೋಗ ತಾಳುತ್ತದೆ ಎಂದಲ್ಲ. ಹೊಂಡದಲ್ಲಿ ರೋಗಾಣು ಇದ್ದರೆ ಅದೂ ಎಲ್ಲದರಂತೆ ಸಾಯುತ್ತದೆ. ಪೊರೆ ಕಳಚುವ ದಿನಗಳಲ್ಲಿ ಸೀಗಡಿಯ ರಕ್ಷಣೆ ಸಡಿಲವಾಗಿರುವುದರಿಂದ, ಆಗ ಏರಿಯೇಟರ್ ನಿಲ್ಲಿಸದಿರುವುದು ಯಾವ ಪುಡಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಿನ್ನುವ ವಿಷಯ. ಪರ್ಕಿನ್ಸಸ್, ಬೊನಾಮಿಯಾ, ಸಿಂಪಿಯ ಹರ್ಪಿಸ್, ಸೀಗಡಿಯ ಬಿಳಿಚುಕ್ಕೆ, ಇವು ಯಾವುವೂ ಮನುಷ್ಯರಿಗೆ ತಗುಲುವುದಿಲ್ಲ. ನಮಗೆ ಅಪಾಯ ತರುವವು ಬೇರೆ, ಅವು ನೋಡಲು ಆರೋಗ್ಯವಾಗಿರುವ ಸಿಂಪಿಯಲ್ಲೂ ಇರಬಹುದು: ಕೊಳಚೆ ಸೇರಿದ ನೀರಿನಿಂದ ಬರುವ ನೊರೊವೈರಸ್ ಮತ್ತು ಹೆಪಟೈಟಿಸ್ ಎ, ಬಿಸಿ ನೀರಿನ ಕೆಲವು ವಿಬ್ರಿಯೊಗಳು. ಸಿಂಪಿಯ ರಕ್ತಕಣಗಳು ನಮ್ಮ ವೈರಸ್‌ಗಳನ್ನು ಕೊಂದು ಶುಚಿ ಮಾಡಿಕೊಡುತ್ತವೆ ಎಂದು ನಂಬಬೇಡಿ. ನೊರೊವೈರಸ್ ಸಿಂಪಿಯ ಜೀರ್ಣಾಂಗದ ಸಕ್ಕರೆ ಅಣುಗಳಿಗೆ ಅಂಟಿ ವಾರಗಟ್ಟಲೆ ಉಳಿಯಬಲ್ಲದು, ಶುದ್ಧ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ಬ್ಯಾಕ್ಟೀರಿಯಾ ಇಳಿಯುತ್ತವೆ, ವೈರಸ್ ಅಷ್ಟಾಗಿ ಇಳಿಯುವುದಿಲ್ಲ. 1988ರಲ್ಲಿ ಶಾಂಘೈಯಲ್ಲಿ ಸರಿಯಾಗಿ ಬೇಯಿಸದ ಕ್ಲಾಮ್ ತಿಂದು ಸುಮಾರು ಮೂರು ಲಕ್ಷ ಜನರಿಗೆ ಹೆಪಟೈಟಿಸ್ ಎ ಬಂದಿತ್ತು. ಬಾಯಿ ಬಿಟ್ಟು, ತಟ್ಟಿದರೂ ಮುಚ್ಚದ ಸಿಂಪಿಯನ್ನು ಯಾರೂ ತಿನ್ನಬಾರದು. ಉಳಿದದ್ದನ್ನು ಪೂರ್ತಿ ಬೇಯಿಸಿ. ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರು ಹಸಿ ಸಿಂಪಿಯನ್ನು ಮುಟ್ಟಲೇಬಾರದು.

ನಿಮ್ಮ ಸಿಂಪಿಗಳು ಯಾವ ರೋಗದಿಂದ ಸತ್ತವು ಎಂದು ನಾನು ಪತ್ರ ಓದಿ ಹೇಳಲಾರೆ, ಬೇರೆ ಯಾರಾದರೂ ಹೇಳಿದರೂ ಒಪ್ಪಬೇಡಿ. ಮುಂದಿನ ಸಲ ಸಾವು ಶುರುವಾದ ಮೊದಲ ದಿನವೇ ಮೀನುಗಾರಿಕೆ ಇಲಾಖೆಗೂ ಜಲಚರ ರೋಗ ಪರೀಕ್ಷಿಸುವ ಪ್ರಯೋಗಾಲಯಕ್ಕೂ ತಿಳಿಸಿ. ಪರ್ಕಿನ್ಸಸ್, ಬೊನಾಮಿಯಾ, ಬಿಳಿಚುಕ್ಕೆಯಂಥ ರೋಗಗಳು ಕಂಡರೆ ವರದಿ ಮಾಡಲೇಬೇಕಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿವೆ. ಕಳಿಸಬೇಕಾದದ್ದು ಸತ್ತು ಬಾಯಿ ಬಿಟ್ಟವನ್ನಲ್ಲ, ನಿಧಾನವಾಗಿ ಮುಚ್ಚುತ್ತಿರುವ, ಇನ್ನೂ ಜೀವ ಇರುವವನ್ನು. ಜೊತೆಗೆ ಚೆನ್ನಾಗಿರುವಂತೆ ಕಾಣುವ ಕೆಲವನ್ನೂ ಬೇರೆ ಚೀಲದಲ್ಲಿ ಕಳಿಸಿ. ಒದ್ದೆ ಕಾಗದದಲ್ಲಿ ಸುತ್ತಿ ತಂಪಾದ ಪೆಟ್ಟಿಗೆಯಲ್ಲಿಡಿ, ಮಂಜುಗಡ್ಡೆ ನೇರ ತಾಗದಿರಲಿ, ಸಿಹಿನೀರಿನಲ್ಲಿ ತೊಳೆಯಬೇಡಿ, ಫ್ರೀಜರಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿ ಕರಗಿದ ಮೈಯಲ್ಲಿ ರಕ್ತಕಣಗಳು ಒಡೆದಿರುತ್ತವೆ, ಅವುಗಳೊಳಗೆ ಯಾವ ಪರಜೀವಿ ಇತ್ತು ಎಂದು ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಲಾಗುವುದಿಲ್ಲ. ಆ ವಾರದ ನೀರಿನ ಉಷ್ಣತೆ, ಉಪ್ಪಿನಂಶ, ಆಮ್ಲಜನಕ, ಮಳೆ ಬಂದ ದಿನ, ಮರಿ ತಂದ ಜಾಗ, ಕೊನೆಯ ಸಲ ಟ್ರೇ ಎತ್ತಿದ ದಿನ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗೆ ಹಾಕಿ.